ಎರಡು ನಿಮಿಷದ ಮೌನ ಮುಗಿದ ಮೇಲೆ

2014ರ ಡಿಸೆಂಬರ್ 16ರಂದು ಪೇಶಾವರದ ಸೈನಿಕ ಶಾಲೆಗೆ ನುಗ್ಗಿದ ಬಂದೂಕುಧಾರಿಗಳು 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದರು. ಮರುದಿನ ನಮ್ಮ ದೇಶದ ಶಾಲೆಗಳಲ್ಲಿ ಎರಡು ನಿಮಿಷ ಮೌನ ಆಚರಿಸಿದರು. ಆಚರಿಸಿದ್ದು ಸರಿಯೇ. ಆದರೆ ಎಷ್ಟೋ ಕಡೆ ಮೌನ ಮುಗಿದ ಕೂಡಲೇ ಬೆಲ್ ಹೊಡೆಯಿತು, ಪಾಠ ಶುರುವಾಯಿತು. ‘ನಮ್ಮ ಸ್ಕೂಲಿಗೂ ಬರ್ತಾರಾ ಸಾರ್?’ ಎಂದು ಕೇಳಬೇಕೆಂದಿದ್ದ ಮಗು ಆ ಪ್ರಶ್ನೆಯನ್ನು ನುಂಗಿಕೊಂಡು ಪುಸ್ತಕ ತೆರೆಯಿತು.

ಮೂರೂವರೆ ತಿಂಗಳಿಗೆ, 2015ರ ಮಾರ್ಚ್ 31ರ ರಾತ್ರಿ, ಬೆಂಗಳೂರಿನ ಕಾಡುಗೋಡಿಯ ಹಾಸ್ಟೆಲೊಂದರಲ್ಲಿ ಪಿಯು ವಿದ್ಯಾರ್ಥಿನಿಯೊಬ್ಬಳು ಗುಂಡಿಗೆ ಬಲಿಯಾದಳು, ಇನ್ನೊಬ್ಬಳು ಗಾಯಗೊಂಡಳು. ಸಂಸ್ಥೆಯ ನೌಕರನನ್ನೇ ಪೊಲೀಸರು ಬಂಧಿಸಿದರು. ಪಿಸ್ತೂಲು ಒಳಗೆ ಹೇಗೆ ಬಂತು, ಕಾವಲು ಎಲ್ಲಿತ್ತು ಎಂದು ಊರೆಲ್ಲ ಕೇಳಿತು. ಕೇಳಲೇಬೇಕಿತ್ತು. ಆ ಸದ್ದು ಕೇಳಿಸಿಕೊಂಡ ಹುಡುಗಿಯರು ಆಮೇಲೆ ಹೇಗೆ ನಿದ್ದೆ ಮಾಡಿದರು ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಸಿಸಿಟಿವಿ ಹಾಕಿಸಿದರೆ ಕೆಲಸ ಮುಗಿಯಿತೆಂದು ದೊಡ್ಡವರು ಅಂದುಕೊಳ್ಳುತ್ತೇವೆ. ಮಗುವಿನ ಮಟ್ಟಿಗೆ ಕೆಲಸ ಶುರುವಾಗುವುದೇ ಅಲ್ಲಿಂದ.

2023ರ ಡಿಸೆಂಬರ್ 1ರಂದು ಬೆಂಗಳೂರಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಹುಸಿ ಬೆದರಿಕೆ. ಆದರೆ ಅಪ್ಪ ಓಡಿಬಂದು ಗೇಟಿನ ಬಳಿ ತಬ್ಬಿಕೊಂಡಾಗ ಅವನ ಕೈ ನಡುಗುತ್ತಿದ್ದುದು ಹುಸಿಯಲ್ಲ, ಮಗುವಿಗೆ ಅದು ಗೊತ್ತಾಗುತ್ತದೆ. ಅಂಥ ಮಗುವಿನ ಬಾಯಿಗೆ ಮೈಕ್ ಹಿಡಿಯುವುದನ್ನು ಯಾವ ನ್ಯಾಯದಿಂದಲೂ ಒಪ್ಪಲಾಗದು.

ಭಯ ಚಿಕ್ಕವರಲ್ಲಿ ಮಾತಾಗಿಯೇ ಹೊರಬರಬೇಕೆಂದಿಲ್ಲ. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ, ಅಮ್ಮ ಬಚ್ಚಲಿಗೆ ಹೋದರೂ ಬಾಗಿಲಲ್ಲೇ ನಿಲ್ಲುವುದು. ಟಿವಿ ಅದೇ ದೃಶ್ಯವನ್ನು ಹತ್ತು ಸಲ ತೋರಿಸಿದರೆ ಪುಟ್ಟ ಮಗುವಿಗೆ ಅದು ಹತ್ತು ಸಲ ನಡೆದಂತೆ. ಕೆಲವರು ಅದನ್ನೇ ಆಟವಾಗಿ ಆಡುತ್ತಾರೆ: ಕಡ್ಡಿಯನ್ನು ಬಂದೂಕು ಮಾಡಿಕೊಂಡು ಒಬ್ಬ ಗುಂಡು ಹೊಡೆಯುತ್ತಾನೆ, ಇನ್ನೊಬ್ಬ ಬೀಳುತ್ತಾನೆ, ಮತ್ತೆ ಎದ್ದೇಳುತ್ತಾನೆ. ಗದರಬೇಡಿ. ಮನಸ್ಸು ತನಗೆ ಅರ್ಥವಾಗದ್ದನ್ನು ಹಾಗೆ ತಿರುವಿಹಾಕುತ್ತದೆ. ‘ಏನಾಯ್ತು ಹೇಳು, ಹೇಳು’ ಎಂದು ಕೆದಕುವುದೂ ಬೇಡ.

ನಾಶಿಕ್ ಜಿಲ್ಲೆಯ ಪಿಂಪಳಗಾಂವ್ ಬಸವಂತದಲ್ಲಿ ದ್ರಾಕ್ಷಿ ವ್ಯಾಪಾರ ಮಾಡಿಕೊಂಡಿರುವ ವಿಜಯಪುರದ ನೆಂಟರ ಮನೆಯಲ್ಲಿ ಒಂದು ಮಾತುಕತೆ ಕೇಳಿದೆ. ಮೊಮ್ಮಗಳು ಅಮೆರಿಕದ ಜಾರ್ಜಿಯಾದಲ್ಲಿ ಓದುತ್ತಾಳೆ. ಅದೇ ರಾಜ್ಯದ ವೈಂಡರ್ ಊರಿನ ಹೈಸ್ಕೂಲಿನಲ್ಲಿ 2024ರ ಸೆಪ್ಟೆಂಬರ್ 4ರಂದು ಇಬ್ಬರು ವಿದ್ಯಾರ್ಥಿಗಳೂ ಇಬ್ಬರು ಶಿಕ್ಷಕರೂ ಗುಂಡಿಗೆ ಬಲಿಯಾಗಿದ್ದರು. ತರಗತಿಯಲ್ಲಿ ದೀಪ ಆರಿಸಿ ಮೂಲೆಯಲ್ಲಿ ಕೂರಿಸಿ ಅಭ್ಯಾಸ ಮಾಡಿಸಿದ್ದನ್ನು ಹುಡುಗಿ ವಿಡಿಯೊ ಕಾಲಿನಲ್ಲಿ ಹೇಳುತ್ತಿದ್ದಳು. ಅಜ್ಜಿ ‘ಹೆದರಬ್ಯಾಡ’ ಅನ್ನಲಿಲ್ಲ. ‘ಹೆದರಿಕಿ ಬಂತೇನವ್ವಾ?’ ಅಂದರು. ‘ಬಂತಜ್ಜಿ.’ ‘ಬಾಜೂಕ ಯಾರ ಕುಂತಿದ್ರು?’ ಗೆಳತಿಯ ಹೆಸರು ಬಂತು, ಇಬ್ಬರೂ ಕೈ ಹಿಡಿದುಕೊಂಡಿದ್ದು ಬಂತು, ಆಮೇಲೆ ಊಟದ ಡಬ್ಬಿಯ ಸುದ್ದಿ ಬಂತು. ಅಜ್ಜಿ ಯಾವ ಭರವಸೆಯನ್ನೂ ಕೊಡಲಿಲ್ಲ. ‘ಏನೂ ಆಗಲ್ಲ’ ಎಂದಿದ್ದರೆ ಆ ಹುಡುಗಿ ನಂಬುತ್ತಿರಲಿಲ್ಲ, ಮುಂದೆ ಹೇಳುತ್ತಲೂ ಇರಲಿಲ್ಲ.

ಎಲ್ಲ ಮಕ್ಕಳಿಗೂ ಇಂಥ ಅಜ್ಜಿ ಇರುವುದಿಲ್ಲ. ವಾರಗಳು ಕಳೆದರೂ ನಿದ್ದೆ, ಊಟ, ಓದು ಹಳಿಗೆ ಬಾರದಿದ್ದರೆ ಬಲ್ಲವರ ನೆರವು ಬೇಕು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಸಂಖ್ಯೆ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಗ್ನಿಶಾಮಕ ದಳದ ನಂಬರಿನ ಪಕ್ಕ ಇದನ್ನೂ ಶಾಲೆಯ ಗೋಡೆಯ ಮೇಲೆ ಬರೆಸಿ. ಮೇಷ್ಟ್ರು, ಮೇಡಂಗಳೂ ಕರೆ ಮಾಡಬಹುದು; ಮಕ್ಕಳ ಮುಂದೆ ಗಟ್ಟಿಯಾಗಿ ನಿಂತವರಿಗೂ ರಾತ್ರಿ ನಿದ್ದೆ ಬಂದಿರುವುದಿಲ್ಲ.