ಆತ್ಮಕಥನವೂ ಆತ್ಮಶ್ಲಾಘನೆಯೂ

ಜನರನ್ನು ನಡೆಯಿಸತಕ್ಕವನು ಅವರ ಮುಂದೆ ತನ್ನ ಬಾಳಿನ ಕಥೆಯನ್ನು ತಾನೇ ಹೇಳಿಕೊಳ್ಳಬಹುದೆ? ಹೇಳಿಕೊಂಡರೆ ಅದು ಆತ್ಮಶ್ಲಾಘನೆಯಾಗದೆ? ಮುಂದಾಳುಗಳು ಸಭೆಗಳಲ್ಲಿ ತಮ್ಮ ಬಡತನವನ್ನೂ ಪಟ್ಟ ಪಾಡನ್ನೂ ವರ್ಣಿಸುವುದು ಇಂದು ವಾಡಿಕೆಯಾಗಿರುವುದರಿಂದ, ಈ ಪ್ರಶ್ನೆಯನ್ನು ವಿಚಾರಿಸುವುದು ಅನುಚಿತವಾಗಲಾರದು.

ನಮ್ಮ ಹಿರಿಯರು ಆತ್ಮಪ್ರಶಂಸೆಯನ್ನು ದೊಡ್ಡ ದೋಷವೆಂದೇ ಎಣಿಸಿದರು. ಕರ್ಣಪರ್ವದಲ್ಲಿ, ಗಾಂಡೀವವನ್ನು ಬೇರೊಬ್ಬನಿಗೆ ಕೊಡೆಂದು ಧರ್ಮರಾಜನು ಜರೆದಾಗ, ಹಾಗೆಂದವರನ್ನು ಕೊಲ್ಲುವೆನೆಂಬ ಪೂರ್ವಪ್ರತಿಜ್ಞೆಗೆ ಕಟ್ಟುಬಿದ್ದು ಅರ್ಜುನನು ಖಡ್ಗವನ್ನು ಹಿರಿಯುತ್ತಾನೆ. ಹಿರಿಯನನ್ನು ಹೀನಾಯವಾಗಿ ಮಾತನಾಡಿಸಿದರೆ ಕೊಂದಂತೆಯೇ ಎಂದು ಶ್ರೀಕೃಷ್ಣನು ತಡೆಯುತ್ತಾನೆ. ಅರ್ಜುನನು ಹಾಗೆಯೇ ಮಾಡಿ, ಬಳಿಕ ಪಶ್ಚಾತ್ತಾಪದಿಂದ ತನ್ನನ್ನೇ ಕೊಂದುಕೊಳ್ಳಹೊರಟಾಗ ಕೃಷ್ಣನು ತೋರಿದ ಉಪಾಯವೇನು? ತನ್ನ ಗುಣಗಳನ್ನು ತಾನೇ ಬಣ್ಣಿಸಿಕೊಂಡರೆ ಅದೇ ಆತ್ಮವಧೆಯೆಂಬುದು. ಇದಕ್ಕಿಂತ ಕಠಿನವಾದ ಖಂಡನೆ ಬೇಕೆ?

ಆದರೂ ಬರಿಯ ವಿಧಿವಾಕ್ಯವು ಮನಸ್ಸನ್ನು ಒಲಿಸಲಾರದು. ಕಷ್ಟದ ದಾರಿಯಲ್ಲಿ ನಡೆಯಿರೆಂದು ಹೇಳುವವನನ್ನು, ನೀನು ಯಾವ ದಾರಿಯಿಂದ ಬಂದೆಯೆಂದು ಜನರು ಮನಸ್ಸಿನಲ್ಲಿಯೇ ಕೇಳುತ್ತಿರುತ್ತಾರೆ. ಅದಕ್ಕೆ ಉತ್ತರ ಹೇಳುವುದು ಮುಂದಾಳಿನ ಋಣ. ಋಣ ತೀರಿಸುವ ಮಾತಿಗೂ ಹೆಮ್ಮೆಯ ಮಾತಿಗೂ ಇರುವ ಭೇದವನ್ನು ಒಂದು ನಿದರ್ಶನದಿಂದ ನೋಡೋಣ.

1922ನೆಯ ಮಾರ್ಚಿ 18ರಂದು ಅಹಮದಾಬಾದಿನಲ್ಲಿ ಗಾಂಧೀಜಿಯವರ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ‘ಯಂಗ್ ಇಂಡಿಯಾ’ ಪತ್ರಿಕೆಯ ಲೇಖನಗಳಿಗಾಗಿ ಬಂದ ಆಪಾದನೆಯನ್ನು ಅವರು ಒಪ್ಪಿಕೊಂಡರು. ಬಳಿಕ ಓದಿದ ಹೇಳಿಕೆಯಲ್ಲಿ ವಾದಕ್ಕಿಂತ ಮೊದಲು ಕಥೆಯಿತ್ತು. 1893ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಆರಂಭವಾದ ಸಾರ್ವಜನಿಕ ಜೀವನ, 1899ರ ಬೋಯರ್ ಯುದ್ಧದಲ್ಲಿಯೂ 1906ರ ಜೂಲು ದಂಗೆಯಲ್ಲಿಯೂ ಗಾಯಾಳುಗಳ ಶುಶ್ರೂಷೆ, ಅದಕ್ಕಾಗಿ ದೊರೆತ ಪದಕಗಳು, 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸಲು ಪಟ್ಟ ಶ್ರಮ—ಇವೆಲ್ಲವನ್ನೂ ಹೇಳಿ, ಅಂತಹ ರಾಜನಿಷ್ಠನು ರೌಲತ್ ಕಾಯಿದೆ, ಪಂಜಾಬಿನ ಹತ್ಯೆ ಮೊದಲಾದುವುಗಳಿಂದ ಹೇಗೆ ಅಸಹಕಾರಿಯಾದನೆಂಬುದನ್ನು ವಿವರಿಸಿದರು.

ಪದಕಗಳ ಮಾತು ಇಲ್ಲಿ ವಿಚಾರಯೋಗ್ಯವಾಗಿದೆ. ಮೇಲುನೋಟಕ್ಕೆ ಅದು ಪ್ರಶಂಸೆಯೇ. ಆದರೆ ಅವುಗಳನ್ನು ಅವರು 1920ರ ಆಗಸ್ಟಿನಲ್ಲಿಯೇ ವೈಸರಾಯರಿಗೆ ಹಿಂದಿರುಗಿಸಿದ್ದರು. ತಮ್ಮ ನಂಬಿಕೆ ಎಷ್ಟು ಆಳವಾಗಿತ್ತು, ಅದು ಎಷ್ಟರಮಟ್ಟಿಗೆ ಮುರಿಯಿತು ಎಂದು ಅಳೆದು ತೋರಿಸುವುದಕ್ಕಾಗಿ ಅವು ಆ ಕಥೆಯಲ್ಲಿ ಬಂದುವು. ಕಥೆಯನ್ನು ಹೇಳಿ ಅವರು ದಯೆಯನ್ನು ಯಾಚಿಸಲಿಲ್ಲ. ಕಾನೂನು ಸರಿಯೆಂದು ತೋರುವುದಾದರೆ ಪರಮಾವಧಿ ಶಿಕ್ಷೆಯನ್ನೇ ಕೊಡಬೇಕೆಂದು ನ್ಯಾಯಾಧೀಶರನ್ನು ಕೇಳಿದರು. ನ್ಯಾಯಾಧೀಶ ಬ್ರೂಮ್‌ಫೀಲ್ಡರು ಗೌರವದಿಂದಲೇ ಮಾತನಾಡಿ ಆರು ವರ್ಷಗಳ ಸೆರೆಯನ್ನು ವಿಧಿಸಿದರು.

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ವಂಚಕನಿಗೂ ಕಥೆ ಹೇಳಲು ಬರುತ್ತದೆ. ಕಣ್ಣೀರಿನ ಕಥೆಯಿಂದ ಜನರ ವಿವೇಕವನ್ನೇ ಮಂಕುಗೊಳಿಸುವವರು ಇಲ್ಲವೆ? ಇದ್ದಾರೆ. ಸ್ವಾನುಭವವು ಹೇಳುವವನ ಪ್ರಾಮಾಣಿಕತೆಗೆ ಸಾಕ್ಷಿಯಾಗಬಹುದೇ ಹೊರತು ಅವನ ಸಿದ್ಧಾಂತಕ್ಕೆ ಪ್ರಮಾಣವಾಗಲಾರದು. ಸಂಕಟಪಟ್ಟವನ ಅಭಿಪ್ರಾಯವೆಲ್ಲವೂ ಸತ್ಯವೆಂಬ ನಿಯಮವಿಲ್ಲ. ಆದುದರಿಂದ ಕೇಳುವವರು ಎರಡು ವಿಷಯಗಳನ್ನು ಪರೀಕ್ಷಿಸಬೇಕು. ಈ ಕಥೆಗಾಗಿ ಹೇಳಿದವನು ತೆತ್ತುದೇನು, ಪಡೆದುದೇನು? ಕಥೆ ಮುಗಿದ ಮೇಲೆ ಒಪ್ಪದಿರುವ ಸ್ವಾತಂತ್ರ್ಯವನ್ನು ನಮಗೆ ಉಳಿಸಿದನೆ? ಅಹಮದಾಬಾದಿನ ಕಥನದಲ್ಲಿ ತೆತ್ತುದು ಸೆರೆವಾಸ. ನ್ಯಾಯಾಧೀಶರ ಸ್ವಾತಂತ್ರ್ಯಕ್ಕೂ ಅಲ್ಲಿ ಕುಂದು ಬರಲಿಲ್ಲ.

ಈ ಪರೀಕ್ಷೆ ದೊಡ್ಡವರಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಮನೆಯ ಯಜಮಾನನೂ ತರಗತಿಯ ಉಪಾಧ್ಯಾಯನೂ ತಮ್ಮ ತಮ್ಮ ಎಲ್ಲೆಯಲ್ಲಿ ಮುಂದಾಳುಗಳೇ. ನಾವು ಹಿಂದೆ ಹರದಾರಿಗಟ್ಟಲೆ ನಡೆದು ಓದಿದೆವೆಂದು ಹುಡುಗರಿಗೆ ಹೇಳುವಾಗ, ಅವರನ್ನು ಕುಗ್ಗಿಸುವುದಕ್ಕೆ ಹೇಳುತ್ತಿದ್ದೇವೆಯೋ, ನಡೆಯುವ ಧೈರ್ಯವನ್ನು ಕೊಡುವುದಕ್ಕೆ ಹೇಳುತ್ತಿದ್ದೇವೆಯೋ? ಮಾತು ಒಂದೇ ಆದರೂ ಕೇಳಿದ ಹುಡುಗನು ತಲೆ ತಗ್ಗಿಸಿ ಹೋಗುವನೋ, ಇನ್ನೊಂದು ಪ್ರಶ್ನೆಯನ್ನು ಕೇಳುವನೋ ಎಂಬುದರಿಂದ ಭೇದವು ತಾನಾಗಿ ತಿಳಿಯುತ್ತದೆ.