ಮಳೆಗಾಲದ ಪಯಣ ಮತ್ತು ಶ್ರಾವಕನ ಎಲ್ಲೆ

ಕಾರ್ಕಳದಿಂದ ಬಜಗೋಳಿ, ಮಾಳಗಳ ಮಾರ್ಗವಾಗಿ ಘಟ್ಟವನ್ನೇರುವ ರಸ್ತೆಯು ಕುದುರೆಮುಖ ರಾಷ್ಟ್ರೀಯ ಉದ್ಯಾನದ ನಡುವೆ ಹಾದು, ಸಂಸೆಯನ್ನು ದಾಟಿ, ಭದ್ರಾ ನದಿಯ ತೀರದ ಕಳಸವೆಂಬ ಚಿಕ್ಕ ಪಟ್ಟಣವನ್ನು ಸೇರುತ್ತದೆ. ಜೈನರಿಗೆ ಈ ದಾರಿ ಅಪರಿಚಿತವಲ್ಲ. ಕಳಸ-ಕಾರ್ಕಳ ರಾಜ್ಯವನ್ನು ಆಳಿದ ಭೈರರಸರು ಜೈನರು. ಆ ವಂಶದ ವೀರಪಾಂಡ್ಯನೇ 1432ರಲ್ಲಿ ಕಾರ್ಕಳದ ಬಂಡೆಯ ಮೇಲೆ 42 ಅಡಿ ಎತ್ತರದ ಬಾಹುಬಲಿಯನ್ನು ಪ್ರತಿಷ್ಠಾಪಿಸಿದನು. ಅದೇ ಅರಸುಮನೆತನದ ದಾನಶಾಸನಗಳು ಕಳಸದ ಕಳಸೇಶ್ವರ ದೇವಾಲಯದಲ್ಲಿಯೂ ಇವೆ.

ಒಂದು ಶ್ರಾವಣಮಾಸದಲ್ಲಿ ನಾವು ಮನೆಯವರೆಲ್ಲ ಎರಡು ಕಾರುಗಳಲ್ಲಿ ಈ ದಾರಿಯನ್ನು ಹಿಡಿದೆವು. ಕಾರ್ಕಳದಲ್ಲಿ ಸ್ವಾಮಿಯ ದರ್ಶನವಾಗಿತ್ತು. ಕಳಸದಲ್ಲಿ ನಮಗೆ ಯಾವ ಕಾರ್ಯವೂ ಇರಲಿಲ್ಲ. ಮಳೆಗಾಲದ ಕುದುರೆಮುಖವನ್ನು ಕಣ್ತುಂಬ ನೋಡಬೇಕೆಂಬುದಷ್ಟೇ ಬಯಕೆ. ಹುಲ್ಲುಹಾಸಿನ ಬೆಟ್ಟಗಳು, ಅವುಗಳ ಮಡಿಲಲ್ಲಿ ಅಡಗಿದ ಶೋಲಾ ಕಾಡುಗಳು, ಅಡಿಗಡಿಗೆ ಧುಮುಕುವ ತೊರೆಗಳು, ಎಲ್ಲವೂ ಹೇಳಿದಂತೆಯೇ ಇದ್ದವು. ಆದರೆ ಮಂಜಿನಿಂದಾಗಿ ವಿಳಂಬವಾಯಿತು. ನಮ್ಮ ಮನೆಯಲ್ಲಿ ರಾತ್ರಿಭೋಜನವಿಲ್ಲ. ಕತ್ತಲಾಗುವ ಮೊದಲೇ ಕಳಸವನ್ನು ತಲುಪಿ ಊಟ ಮುಗಿಸಬೇಕೆಂದು ಚಾಲಕನಿಗೆ ವೇಗವಾಗಿ ಹೋಗಲು ನಾನೇ ಹೇಳಿದೆನು.

ರಸ್ತೆಯ ತುಂಬ ಕಪ್ಪೆಗಳಿದ್ದವು. ಏಡಿಗಳು, ಬಸವನಹುಳುಗಳು, ಸಹಸ್ರಪದಿಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗುತ್ತಿದ್ದವು. ಹಿಂದಿನ ಆಸನದಲ್ಲಿದ್ದ ಮೊಮ್ಮಗಳು, "ಅಜ್ಜ, ಅವು ದಾಟುವವರೆಗೆ ನಿಲ್ಲಬಾರದೇ?" ಎಂದು ಕೇಳಿದಳು. "ಊಟಕ್ಕೆ ಹೊತ್ತಾಗುತ್ತದೆ ಮಗು" ಎಂದೆನು. ಸೂರ್ಯಾಸ್ತಕ್ಕೆ ಮುನ್ನ ಊಟವೂ ಆಯಿತು. ದೀಪಕ್ಕೆ ಮುತ್ತುವ ಹುಳುಗಳ ಪ್ರಾಣವನ್ನು ಉಳಿಸುವ ವ್ರತವನ್ನು ಪಾಲಿಸುವುದಕ್ಕಾಗಿ ದಾರಿಯಲ್ಲಿ ಎಷ್ಟು ಪಂಚೇಂದ್ರಿಯ ಜೀವಿಗಳನ್ನು ತುಳಿದು ಬಂದೆನೆಂಬ ಲೆಕ್ಕ ನನ್ನಲ್ಲಿರಲಿಲ್ಲ. ಆ ರಾತ್ರಿ ನಿದ್ರೆ ಬರಲಿಲ್ಲ.

ಮರುದಿನ ನಾವು ಉಳಿದಿದ್ದ ಮನೆಯ ವೃದ್ಧೆಯೊಡನೆ ಮಾತನಾಡುತ್ತಿದ್ದಾಗ ಆಕೆ ಹಳೆಯ ಕಾಲವನ್ನು ನೆನೆದರು. ಬೇಸಿಗೆಯಲ್ಲಿಯೇ ಸೌದೆ ಒಟ್ಟಿ, ಹಲಸಿನ ಹಪ್ಪಳ ಒಣಗಿಸಿ, ಉಪ್ಪಿನಕಾಯಿಯ ಭರಣಿ ತುಂಬಿ, ಮಳೆ ಹಿಡಿದ ಮೇಲೆ ಯಾರೂ ಅನಾವಶ್ಯಕವಾಗಿ ಹೊರಗೆ ಹೊರಡುತ್ತಿರಲಿಲ್ಲವಂತೆ. "ಆಗ ಮಳೆಗಾಲದಲ್ಲಿ ನೆಂಟರೂ ಬರುತ್ತಿರಲಿಲ್ಲ. ಈಗ ಮಳೆ ಬಂದರೇ ಜನ ಬರುವುದು" ಎಂದು ನಕ್ಕರು. ಅವರ ಮಾತಿನಲ್ಲಿ ದೂರಿರಲಿಲ್ಲ. ಬರುವ ಜನರಿಂದಲೇ ಅವರ ಜೀವನವೂ ನಡೆದಿದೆ. ಆದರೆ ನನಗೆ ಅದು ಉಪದೇಶದಂತೆ ಕೇಳಿಸಿತು. ಹೆಸರು ಹೇಳದೆಯೇ ಈ ಊರು ಒಂದು ಬಗೆಯ ವರ್ಷಾಯೋಗವನ್ನು ಪಾಲಿಸಿಕೊಂಡು ಬಂದಿತ್ತು.

ನಮ್ಮ ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಒಂದೆಡೆ ನೆಲಸುವುದೇಕೆ? ಆ ಕಾಲದಲ್ಲಿ ನೆಲವೆಲ್ಲ ಜೀವಮಯವಾಗುವುದರಿಂದ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ಬರಿಗಾಲಿನಲ್ಲಿ ನಡೆದರೂ ಹಿಂಸೆ ತಪ್ಪದೆಂಬ ಕಾರಣಕ್ಕೆ. ಹೀಗೆ ನಿಂತ ಮುನಿಗಳ ದರ್ಶನಕ್ಕೆ ನಾವು ಅದೇ ನಾಲ್ಕು ತಿಂಗಳಲ್ಲಿ ಸಾಲುಸಾಲು ವಾಹನಗಳಲ್ಲಿ ಧಾವಿಸುತ್ತೇವೆ. ಹಿಂದಿರುಗುವಾಗ ಹತ್ತಿರದ ಬೆಟ್ಟವನ್ನೂ ಜಲಪಾತವನ್ನೂ ಸೇರಿಸಿಕೊಳ್ಳುತ್ತೇವೆ. ಇದು ವಿಚಾರಾರ್ಹವಲ್ಲವೇ?

ಗೃಹಸ್ಥನಿಗೆ ಮಹಾವ್ರತವಿಲ್ಲ, ಆರಂಭಿ ಮತ್ತು ಉದ್ಯೋಗಿ ಹಿಂಸೆಗಳು ಅವನಿಗೆ ಅನಿವಾರ್ಯ ಎಂದು ಕೆಲವರು ಹೇಳಬಹುದು. ನಿಜ. ಕಾಫಿ, ಅಡಿಕೆಯ ಕೃಷಿಕನು ಮಳೆಯಲ್ಲಿಯೂ ತೋಟಕ್ಕೆ ಹೋಗಬೇಕು, ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕು. ಅದಕ್ಕೆ ಪ್ರಯೋಜನವಿದೆ. ಪ್ರಯೋಜನವಿಲ್ಲದ ಹಿಂಸೆಯನ್ನೇ ಆಚಾರ್ಯರು ಅನರ್ಥದಂಡವೆಂದು ಕರೆದರು. ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ, ವ್ಯರ್ಥವಾಗಿ ನೆಲ ಅಗೆಯುವುದು, ಗಿಡ ಕಡಿಯುವುದು ಮುಂತಾದವುಗಳ ಜೊತೆಗೆ ವ್ಯರ್ಥವಾಗಿ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಸೇರಿಸಿದ್ದಾರೆ. ನಾನು ಆ ದಿನ ತಿರುಗಿದವನೂ ಹೌದು, ತಿರುಗಿಸಿದವನೂ ಹೌದು.

ಕುದುರೆಮುಖದ ಕಥೆಯೇ ಇಲ್ಲಿ ನಮಗೆ ಕನ್ನಡಿ. ಆ ಬೆಟ್ಟಗಳಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರನ್ನು ತೆಗೆಯಲಾಯಿತು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ, ಸಿಂಗಳೀಕಗಳು ವಾಸಿಸುವ ಆ ಕಾಡು ಉಳಿಯಬೇಕೆಂದು ಹಂಬಲಿಸಿದವರಲ್ಲಿ ನಾನೂ ಒಬ್ಬನು. ಗಣಿಯವರನ್ನು ಹಿಂಸಕರೆಂದು ಸುಲಭವಾಗಿ ಹಳಿದೆನು. ಆದರೆ ಗಣಿಗೆ ಕಬ್ಬಿಣವೆಂಬ ಪ್ರಯೋಜನವಾದರೂ ಇತ್ತು. ನನ್ನ ಪಯಣಕ್ಕೆ ಏನಿತ್ತು? ಎರಡರಿಂದಾದ ಹಾನಿ ಸಮಾನವೆಂದು ನಾನು ಹೇಳುತ್ತಿಲ್ಲ. ಆದರೆ ಗಣಿಗೆ ನ್ಯಾಯಾಲಯ ಎಲ್ಲೆಯನ್ನು ಹಾಕಿತು. ನೋಡುವ ಆಸೆಗೆ ಎಲ್ಲೆಯನ್ನು ನಾವೇ ಹಾಕಿಕೊಳ್ಳಬೇಕು.

ನೋಡದವನಲ್ಲಿ ಕರುಣೆ ಹುಟ್ಟುವುದು ಹೇಗೆ ಎಂಬ ಪ್ರಶ್ನೆಯೂ ಸಾಧುವಾದದ್ದೇ. ಕಾಡನ್ನು ಕಂಡ ಮಗುವೇ ಅಲ್ಲವೇ ನನ್ನನ್ನು ನಿಲ್ಲೆಂದು ಬೇಡಿದ್ದು! ಆದ್ದರಿಂದ ಹೋಗಲೇಬಾರದೆಂದು ನಾನು ಹೇಳಲಾರೆನು. ಕಳಸದ ಆ ವೃದ್ಧೆಯ ಅನ್ನಕ್ಕೂ ನಾನು ಎರವಾಗಲಾರೆನು. ಶ್ರಾವಕರ ಹನ್ನೆರಡು ವ್ರತಗಳಲ್ಲಿ ದಿಗ್ವ್ರತ, ದೇಶವ್ರತಗಳು ಪಯಣವನ್ನು ನಿಷೇಧಿಸುವುದಿಲ್ಲ, ಅದಕ್ಕೆ ಅಳತೆಯನ್ನು ನೀಡುತ್ತವೆ. ಮಳೆ ನಿಂತ ಮೇಲೆ ಹೋಗಬಹುದು. ಎರಡರ ಬದಲು ಒಂದೇ ವಾಹನದಲ್ಲಿ, ನಿಧಾನವಾಗಿ ಹೋಗಬಹುದು. ಹೊತ್ತು ಮೀರಿದರೆ ವೇಗವನ್ನು ಹೆಚ್ಚಿಸುವ ಬದಲು ಆ ಸಂಜೆಯ ಊಟವನ್ನು ಬಿಡಬಹುದು. ಉಪವಾಸವು ನಮಗೆ ಹೊಸದೇನಲ್ಲ. ವರ್ಷಾಯೋಗದ ಏರ್ಪಾಡು ಮಾಡುವ ಬಸದಿಗಳ ಆಡಳಿತ ಮಂಡಳಿಗಳು, ದರ್ಶನಾರ್ಥಿಗಳು ಹಗಲಿನಲ್ಲಿ ಒಟ್ಟಾಗಿ ಒಂದೇ ಬಸ್ಸಿನಲ್ಲಿ ಬರುವಂತೆ ವ್ಯವಸ್ಥೆ ಮಾಡಿದರೆ ಅದೂ ಒಂದು ಅಭಯದಾನವೇ.

ಹಿಂದಿರುಗುವಾಗ ನಿಧಾನವಾಗಿ ಬಂದೆವು. ಮೊಮ್ಮಗಳು ಹೇಳಿದಲ್ಲೆಲ್ಲ ನಿಂತೆವು. ಕಾರ್ಕಳವನ್ನು ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಅಂದು ಹಿರಿಯರು ಯಾರೂ ಊಟ ಮಾಡಲಿಲ್ಲ. ಬಾಹುಬಲಿಯು ಒಂದು ವರ್ಷ ಕದಲದೆ ನಿಂತಾಗ ಬಳ್ಳಿಗಳು ಅವನ ಮೈಯನ್ನೇರಿದವು, ಹುತ್ತಗಳು ಪಾದದ ಬಳಿ ಬೆಳೆದವು. ಅವನು ಕಾಡನ್ನು ನೋಡಲು ಹೋದವನಲ್ಲ. ಅವನು ನಿಂತದ್ದರಿಂದ ಕಾಡೇ ನಿರ್ಭಯವಾಗಿ ಅವನ ಬಳಿಗೆ ಬಂದಿತು. ಅಷ್ಟು ಕಾಲ ನಿಲ್ಲುವ ಶಕ್ತಿ ನಮಗಿಲ್ಲ. ಒಂದು ಕಪ್ಪೆ ರಸ್ತೆಯನ್ನು ದಾಟುವವರೆಗೆ ನಿಲ್ಲುವ ಶಕ್ತಿ ಎಲ್ಲರಿಗೂ ಇದೆ.