ದಂಡ, ರಕ್ಷಣೆ ಮತ್ತು ಶ್ರಾವಕನ ಹೊಣೆ

ಪೊಲೀಸ್ ವ್ಯವಸ್ಥೆಯನ್ನೇ ರದ್ದುಪಡಿಸಬೇಕೆ, ಸುಧಾರಿಸಬೇಕೆ ಎಂಬ ಪ್ರಶ್ನೆಗೆ ಶ್ರಾವಕಾಚಾರವು ಒಂದು ಅಳತೆಗೋಲನ್ನು ಒದಗಿಸುತ್ತದೆ. ಆಕ್ರಮಣವನ್ನು ತಡೆಯುವಾಗ ಅನಿವಾರ್ಯವಾಗಿ ಒದಗುವುದು ವಿರೋಧಿ ಹಿಂಸೆ. ಗೃಹಸ್ಥನು ಅದನ್ನು ಪೂರ್ಣವಾಗಿ ತ್ಯಜಿಸಲಾರನು. ಬೇಕೆಂದೇ ಎಸಗುವ ಸಂಕಲ್ಪೀ ಹಿಂಸೆಯಾದರೋ ಸರ್ವಥಾ ತ್ಯಾಜ್ಯ. ಕತ್ತಿ ಹಿಡಿದು ಬಂದ ದರೋಡೆಕೋರನನ್ನು ತಡೆಯುವ ಲಾಠಿ ಮೊದಲನೆಯದಕ್ಕೆ ಸೇರಿದರೆ, ಬೇಡಿ ತೊಟ್ಟವನ ಮೇಲೆ ಠಾಣೆಯೊಳಗೆ ಬೀಳುವ ಅದೇ ಲಾಠಿ ಎರಡನೆಯದಕ್ಕೆ ಸೇರುತ್ತದೆ.

ಪೊಲೀಸರೇ ಇಲ್ಲವಾದರೆ ಧನಿಕನು ಕಾವಲನ್ನು ಹಣಕ್ಕೆ ಪಡೆದಾನು, ಬಡವನಿಗೆ ದಿಕ್ಕಿರದು. ಆದುದರಿಂದ ರಕ್ಷಣೆಯನ್ನು ಉಳಿಸಿ ಕ್ರೌರ್ಯವನ್ನು ಅಳಿಸುವ ಸುಧಾರಣೆಯೇ ಯುಕ್ತ. ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳನ್ನು ರಚಿಸಲೂ, 2020ರಲ್ಲಿ ಪ್ರತಿಯೊಂದು ಠಾಣೆಯಲ್ಲಿ ಸಿ.ಸಿ. ಟಿ.ವಿ. ಕ್ಯಾಮೆರಾ ಅಳವಡಿಸಲೂ ಆದೇಶಿಸಿತು. ಪೊಲೀಸ್ ಅಧಿಕಾರಿಯೆದುರಿನ ತಪ್ಪೊಪ್ಪಿಗೆಯನ್ನು 1872ರ ಸಾಕ್ಷ್ಯ ಕಾಯಿದೆಯೂ, 2024ರಲ್ಲಿ ಅದರ ಸ್ಥಾನಕ್ಕೆ ಬಂದ ಹೊಸ ಕಾಯಿದೆಯೂ ಆರೋಪಿಯ ವಿರುದ್ಧದ ಪುರಾವೆಯೆಂದು ಒಪ್ಪುವುದಿಲ್ಲ.

ಆದರೆ ಅಂಗಡಿಯಲ್ಲೋ ಬಸದಿಯಲ್ಲೋ ಕಳವಾದಾಗ, “ನಾಲ್ಕು ಬಾರಿಸಿ ಬಾಯಿ ಬಿಡಿಸಿ” ಎಂದು ಒತ್ತಾಯಿಸುವವನು ಎಷ್ಟೋ ವೇಳೆ ದೂರುದಾರನೇ. ಕೃತ, ಕಾರಿತ, ಅನುಮೋದಿತ ಮೂರೂ ಕರ್ಮಬಂಧಕ್ಕೆ ಕಾರಣವಷ್ಟೆ? ದೂರಿಗೆ ಸಹಿ ಹಾಕುವ ಧರ್ಮದರ್ಶಿಯು, “ತನಿಖೆ ನಡೆಯಲಿ, ಹೊಡೆತ ಬೇಡ” ಎಂದೂ ಹೇಳಿ ಬರಬೇಕು. ಸುಧಾರಣೆ ಅಲ್ಲಿಂದಲೇ ಆರಂಭವಾಗಬಲ್ಲದು.